ಟಿವಿಯಲ್ಲಿ ಇನ್ನೂ ಬದುಕಿರುವ ನಾಯಿ

"ಅದು ಬೊಗಳಿದ್ದು ನಿಮ್ಮ ಕ್ಯಾಮೆರಾದವ್ರಿಗೆ ಮಾರಾಯ್ರೇ, ನಕ್ಸಲ್ರಿಗಲ್ಲ."

ಭಾನುವಾರ ತೀರ್ಥಹಳ್ಳಿ ಹತ್ತಿರದ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯ ಗೌಡ್ರು ಹೇಳಿದ ಮಾತಿದು. ಇವತ್ತು ಗುರುವಾರ, ಇನ್ನೂ ಕಿವಿಯಿಂದ ಇಳಿದಿಲ್ಲ. ಹೋಳಿಗೆಗೆ ತುಪ್ಪ ಸಾಲದು ಅಂತ ಬಡಿಸುವ ಹುಡುಗನನ್ನು ಎರಡು ಸಲ ವಾಪಸ್ ಕರೆದ ಆಸಾಮಿ, ಟಿವಿಯವರು ಅಂತ ಗೊತ್ತಾದ ಮೇಲೆ ನನ್ನನ್ನು ಬಿಡುತ್ತಾರೆಯೇ. ನಕ್ಸಲ್ ಸುದ್ದಿ ಬಂದಾಗೆಲ್ಲ ಒಂದು ಹಂಚಿನ ಮನೆ ತೋರಿಸುತ್ತಾರಲ್ಲ, ಅಡಿಕೆ ಚಪ್ಪರ, ದಣಪೆ, ಅದರ ಪಕ್ಕ ಬೊಗಳುವ ಕಂದು ನಾಯಿ, ಅದು ಇವರ ಮನೆಯಂತೆ. "ನಾಯಿ ಸತ್ತು ಹತ್ತು ವರ್ಷದ ಮೇಲಾಯ್ತು. ಟಿವೀಲಿ ಮಾತ್ರ ಗಟ್ಟಿಮುಟ್ಟಾಗಿದೆ" ಅಂದರು.

2024ರ ನವೆಂಬರ್‌ನಲ್ಲಿ ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್ ಆದಾಗ ಟಿವಿಯಲ್ಲಿ ಈ ನಾಯಿ ಬಂತು. 2025ರ ಜನವರಿ 8ರಂದು ಮುಂಡಗಾರು ಲತಾ ಸೇರಿ ಆರು ಮಂದಿ ನಕ್ಸಲರು ಶರಣಾದಾಗಲೂ ಬಂತು. ಶರಣಾಗತಿ ನಡೆದದ್ದು ಬೆಂಗಳೂರಿನಲ್ಲಿ, ಮುಖ್ಯಮಂತ್ರಿಗಳ ಗೃಹ ಕಚೇರಿಯಲ್ಲಿ. ಬೊಗಳಿದ್ದು ತೀರ್ಥಹಳ್ಳಿ ಕಡೆಯ ನಾಯಿ. ಪೀತಬೈಲಿಗೂ ಗೌಡ್ರ ಮನೆಗೂ ನಡುವೆ ಇಡೀ ಘಟ್ಟವೇ ಇದೆ. ಅದನ್ನು ಯಾರು ಕೇಳಬೇಕು.

ಈ ಶಾಟ್ ಹುಟ್ಟಿದ ಬಗೆ ಊಹಿಸುವುದು ಕಷ್ಟವಲ್ಲ. 2005ರ ಫೆಬ್ರವರಿ 6ರಂದು ಚಿಕ್ಕಮಗಳೂರು ಜಿಲ್ಲೆಯ ಬಲಿಗೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತನಾದ ಮೇಲೆ ಮಲೆನಾಡಿನ ತುಂಬ ಕೂಂಬಿಂಗ್, ಅಂದರೆ ಪೊಲೀಸರು ಕಾಡು ಜಾಲಾಡುವುದು. ಬೆಂಗಳೂರಿನ ಸುದ್ದಿ ಡೆಸ್ಕಿಗೆ ಬೇಕಾದದ್ದು ಕಾಡು, ಕಾಡಂಚಿನ ಮನೆ, ಹೆದರಿದ ಮುಖ. ಅಡಿಕೆ ಸುಗ್ಗಿಯಲ್ಲಿ ಹೆದರಿದ ಮುಖ ಸಿಗುವುದಿಲ್ಲ, ಎಲ್ಲರೂ ಕೆಲಸದಲ್ಲಿರುತ್ತಾರೆ. ರಸ್ತೆ ಪಕ್ಕ ಜೀಪು ನಿಲ್ಲಿಸಿ, ಕಂಡ ಮನೆಗೆ ಕ್ಯಾಮೆರಾ ತಿರುಗಿಸಿದರೆ ನಾಯಿ ಬೊಗಳದೇ ಇರುತ್ತದೆಯೇ. ಆಗೆಲ್ಲ ಒಂದು ಗಂಟೆಯ ಸಣ್ಣ ಡಿವಿ ಕ್ಯಾಸೆಟ್. ಸಂಜೆ ಅದನ್ನು ಪೊಟ್ಟಣ ಕಟ್ಟಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಆಫೀಸಿನ ಹುಡುಗ ಇಳಿಸಿಕೊಳ್ಳುತ್ತಿದ್ದ. ಕ್ಯಾಸೆಟ್ ಜೊತೆ ಒಂದು ಚೀಟಿ: ಯಾವ ಊರು, ಯಾವ ದಿನ, ಯಾರ ಮಾತು. ಚೀಟಿ ಕಳೆಯಿತು, ಕ್ಯಾಸೆಟ್ ಉಳಿಯಿತು. ಮುಂದೆ ಕ್ಯಾಸೆಟ್ಟುಗಳನ್ನೆಲ್ಲ ಸರ್ವರ್‌ಗೆ ಏರಿಸಿದಾಗ ಕೂತಿದ್ದ ಹುಡುಗ ಕಂಡದ್ದನ್ನು ಬರೆದ: "ನಕ್ಸಲ್ ಜನರಲ್ 3". ಅಲ್ಲಿಂದ ಗೌಡ್ರ ಮನೆ ನಕ್ಸಲ್ ಮನೆ.

ಇವತ್ತು ಆ ಶಾಟ್ ಏಕೆ ಅಷ್ಟು ಸಲ ಬರುತ್ತದೆ ಅನ್ನುವುದಕ್ಕೂ ಲೆಕ್ಕವಿದೆ. 2015ರಲ್ಲಿ ಕೇಬಲ್ ಟಿವಿ ನಿಯಮಕ್ಕೆ ತಿದ್ದುಪಡಿ ಬಂದ ಮೇಲೆ ಭದ್ರತಾ ಪಡೆಗಳ ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯನ್ನು ಲೈವ್ ತೋರಿಸುವಂತಿಲ್ಲ. ಮುಗಿಯುವ ತನಕ ನೇಮಿಸಿದ ಅಧಿಕಾರಿ ಆಗಾಗ ಹೇಳಿದಷ್ಟೇ ಸುದ್ದಿ. ಮುಂಬೈ ದಾಳಿಯ ಲೈವ್ ನೋಡಿದವರು ಯಾರೂ ಈ ನಿಯಮ ತಪ್ಪು ಅನ್ನಲಾರರು. ಆದರೆ ಪರದೆ ಖಾಲಿ ಇರುವಂತಿಲ್ಲವಲ್ಲ. ಕಾಡಿನ ದಾರಿಯನ್ನು ನಕ್ಸಲ್ ನಿಗ್ರಹ ಪಡೆ ಮುಚ್ಚಿರುತ್ತದೆ. ಮೊಬೈಲ್ ನೆಟ್‌ವರ್ಕಿನಲ್ಲಿ ದೃಶ್ಯ ಕಳಿಸುವ, ಬೆನ್ನಿಗೆ ಹಾಕುವ ಲೈವ್ ಬ್ಯಾಗಿನಲ್ಲಿ ಆರು ಸಿಮ್ ಇದ್ದರೂ ಘಾಟಿಯ ತಿರುವಿನಲ್ಲಿ ಸೊನ್ನೆಯನ್ನು ಆರರಿಂದ ಗುಣಿಸಿದ ಹಾಗೆ. ಉಪಗ್ರಹಕ್ಕೆ ದೃಶ್ಯ ಕಳಿಸುವ ಓಬಿ ವ್ಯಾನ್ ತಂದರೆ ಜೋರು ಮಳೆಗೆ ಡಿಶ್ಶಿನ ಸಿಗ್ನಲ್ ಕರಗುತ್ತದೆ. ಅದು ಬಳಸುವ ಕೂ ಬ್ಯಾಂಡಿನ ಅಲೆಗಳನ್ನು ಮಳೆಹನಿ ಹೀರಿಕೊಳ್ಳುತ್ತದೆ, ಆಗುಂಬೆ ಸೀಮೆಯ ಮಳೆಯೆಂದರೆ ಕೇಳಬೇಕೇ. ಉಳಿಯುವುದು ಫೋನೋ ಒಂದೇ, ಅಂದರೆ ಫೋನಿನಲ್ಲೇ ಸುದ್ದಿ ಹೇಳುವುದು. ವರದಿಗಾರ ಎಲ್ಲೋ ಗುಡ್ಡ ಹತ್ತಿ, ಒಂದು ಕಡ್ಡಿ ನೆಟ್‌ವರ್ಕ್ ಹಿಡಿದು ಮಾತಾಡುತ್ತಾನೆ. ಅವನ ಮಾತಿನ ಮೇಲೆ ಐದು ಹಳೇ ಶಾಟ್, ಒಂದೊಂದು ಏಳು ಸೆಕೆಂಡ್. ಮೂವತ್ತೈದು ಸೆಕೆಂಡಿಗೆ ಒಂದು ಸುತ್ತು. ನಾಲ್ಕು ನಿಮಿಷದ ಫೋನೋದಲ್ಲಿ ನಾಯಿ ಏಳು ಸಲ ಬಾಯಿ ತೆರೆಯಬೇಕು, ಅದೂ ಸದ್ದಿಲ್ಲದೆ. ಶಾಟಿನ ಧ್ವನಿ ತೆಗೆದು ಸಂಗೀತ ಹಾಕಿರುತ್ತಾರೆ. ಆ ಸಂಗೀತ ಕೇಳಿದರೆ ಯಾರ ಮನೆ ಕರುವಾದರೂ ಉಗ್ರನ ಹಾಗೆ ಕಾಣುತ್ತದೆ.

ಮೂಲೆಯಲ್ಲಿ "ಸಂಗ್ರಹ ಚಿತ್ರ" ಅಂತ ಹಾಕಬೇಕು. ಹಾಕಿದರೂ ಕೆಳಗೆ ಬ್ರೇಕಿಂಗ್ ಪಟ್ಟಿ, ಮೇಲೆ ಲೋಗೋ, ಬಲಕ್ಕೆ ಆ್ಯಂಕರ್ ಕಿಟಕಿ. ಆ ಎರಡು ಪದ ಅವುಗಳಡಿ ಹೂತು ಹೋಗುತ್ತವೆ. ಡೆಸ್ಕಿನ ಹುಡುಗರನ್ನು ಬೈದು ಪ್ರಯೋಜನವಿಲ್ಲ, ಅವರಲ್ಲಿ ಅರ್ಧ ಜನ ಬಲಿಗೆ ಎಲ್ಲಿದೆ ಅಂತ ಭೂಪಟದಲ್ಲಿ ತೋರಿಸಲಾರರು. ಸ್ಟ್ರಿಂಗರ್‌ಗೂ ಬೈಯಲಾರೆ. ಸುದ್ದಿಗಿಷ್ಟು ಅಂತ ದುಡಿಯುವವನು ಬೆಳಗ್ಗೆ ಅಡಿಕೆ ರೇಟು, ಮಧ್ಯಾಹ್ನ ಲಿಂಗನಮಕ್ಕಿ ನೀರಿನ ಮಟ್ಟ, ರಾತ್ರಿ ಎನ್‌ಕೌಂಟರ್ ಮಾಡುತ್ತಾನೆ. ಉಗ್ರವಾದಕ್ಕೆ ಅಂತ ಬೇರೆ ವರದಿಗಾರರು ಇರುವುದು ದಿಲ್ಲಿಯಲ್ಲಿ. ನನಗೆ ಸಿಟ್ಟು ಬರುವುದು ವರ್ಷಗಟ್ಟಲೆ ಇದೇ ಸುದ್ದಿ ಮಾಡಿ ಹೆಸರು ಗಳಿಸಿ, ಹಳೇ ಕ್ಯಾಸೆಟ್ಟಿನ ವಿವರ ಬರೆಸಲು ಒಂದು ಮಧ್ಯಾಹ್ನ ಕೊಡದ ಹಿರಿಯರ ಮೇಲೆ.

ಮನೆಯವರ ಮಾತು ದಾಖಲಿಸುವಾಗಲೂ ಇದೇ ಅಸಡ್ಡೆ. ರಾತ್ರಿ ಬಂದೂಕು ಹಿಡಿದು ಬಂದವರಿಗೆ ಅಕ್ಕಿ ಕೊಟ್ಟ ಮನೆಗೆ ಬೆಳಗ್ಗೆ ಪೊಲೀಸರು ಬರುತ್ತಾರೆ. ಪೊಲೀಸರ ಜೊತೆ ಮಾತಾಡಿದ್ದು ಟಿವಿಯಲ್ಲಿ ಬಂದರೆ ಮರುದಿನ ಆ ಕಡೆಯವರ ಅನುಮಾನ. ಹಾಗಾಗಿ ಮುಖ ಮಸುಕು ಮಾಡುತ್ತೇವೆ ಅನ್ನುತ್ತಾರೆ. ಮಲೆನಾಡಿನಲ್ಲಿ ಮುಖ ನೋಡಿ ಯಾರು ಗುರುತು ಹಿಡಿಯುತ್ತಾರೆ? ಬಾವಿಕಟ್ಟೆ, ಸಂಕ, ಮನೆ ಹಿಂದಿನ ದರೆ ಕಂಡರೆ ಸಾಕು, ಇಂಥವರ ಮನೆ ಅಂತ ಊರೇ ಹೇಳುತ್ತದೆ. ಬೆಳಕಿಗೆ ಬೆನ್ನು ಮಾಡಿ ಕೂರಿಸಿ ನೆರಳಷ್ಟೇ ತೆಗೆಯುವುದಾದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಕಿಂಡಿ, ಐರಿಸ್, ಮ್ಯಾನುಯಲ್‌ಗೆ ಹಾಕಿ, ಹಿಂದಿನ ಬೆಳಕಿಗೆ ಹೊಂದಿಸಿ, ಅಲ್ಲೇ ಬಿಡಬೇಕು. ಆಟೋದಲ್ಲಿದ್ದರೆ ಮೋಡ ಬಂದ ಕೂಡಲೇ ಕ್ಯಾಮೆರಾ ತಾನಾಗಿ ಐರಿಸ್ ತೆರೆದು ಮೂಗು, ಮೀಸೆ, ಎಲ್ಲ ತೋರಿಸಿಬಿಡುತ್ತದೆ. ಧ್ವನಿಯನ್ನು ದಪ್ಪ ಮಾಡಿದರೂ ಅಷ್ಟೇ, ಯಾರು ಬೇಕಾದರೂ ಅದನ್ನು ಮತ್ತೆ ತೆಳ್ಳಗೆ ಮಾಡಬಹುದು. ಅದೇ ಮಾತನ್ನು ಬೇರೆಯವರ ಬಾಯಲ್ಲಿ ಓದಿಸುವುದೇ ಸರಿ. ಮೂಲ ದೃಶ್ಯವನ್ನು ಎಲ್ಲರ ಕೈಗೆ ಸಿಗುವ ಸರ್ವರ್‌ಗೆ ಹಾಕಲೇಬಾರದು. ಮತ್ತೆ ಅಂಗಳದಲ್ಲಂತೂ ಬೇಡ, ಕೊಟ್ಟಿಗೆಯ ಗೋಡೆಗೆ ಕೂರಿಸಿ.

ಸೋಮವಾರ ಆ ಶಾಟ್ ಹುಡುಕಿಸಿದೆ. ಸಿಕ್ಕಿತು. ದಿನಾಂಕದ ಜಾಗ ಖಾಲಿ, ಊರಿನ ಜಾಗದಲ್ಲಿ "ಮಲೆನಾಡು". ಸರಿ, ಊರು, ವರ್ಷ, ಯಾಕೆ ತೆಗೆದದ್ದು ಎಲ್ಲ ತುಂಬಿಸೋಣ ಅಂತ ಗೌಡ್ರಿಗೆ ಫೋನ್ ಮಾಡಿದರೆ ಅವರು ಗಾಬರಿಯಾದರು.

"ಊರಿನ ಹೆಸರು ಹಾಕ್ತೀರಾ? ಎಂತ ಮಾರಾಯ್ರೇ! ಇಷ್ಟು ವರ್ಷ ಯಾರದ್ದೋ ಮನೆ ಅಂತಾದ್ರೂ ಇತ್ತು."

ನಮ್ಮ ಕಸುಬಿನ ಪ್ರಕಾರ ಸರಿಯಾದ ವಿವರ ಅಂದರೆ ಅವರ ಪ್ರಕಾರ ವಿಳಾಸ. ಅದು ಹೊಳೆಯಲು ಅವರೇ ಹೇಳಬೇಕಾಯಿತು. ಕೊನೆಗೆ ವಿವರದ ಜಾಗದಲ್ಲಿ "ಬಳಸಬೇಡಿ, ಘಟನೆಗೆ ಸಂಬಂಧವಿಲ್ಲದ ಮನೆ" ಅಂತಷ್ಟೇ ಬರೆಸಿ ಕಡತವನ್ನು ಬೇರೆಡೆ ಸರಿಸಿದ್ದಾಯಿತು. ಇಲ್ಲಿಂದ ಎತ್ತಿಕೊಂಡು ಹೋದ ಬೇರೆ ಚಾನೆಲ್‌ಗಳಲ್ಲಿ, ಯೂಟ್ಯೂಬಿನಲ್ಲಿ ಇರುವುದನ್ನು ಏನೂ ಮಾಡಲಾಗದು ಅಂತಲೂ ಹೇಳಿದೆ. "ಗೊತ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆ ಕಾಣದ ಹಾಗೆ ನಾಯಿಯಷ್ಟೇ ತೆಗೆದು ಮೊಬೈಲಿಗೆ ಕಳಿಸೋಕಾಗುತ್ತಾ? ಅದರದ್ದು ಬೇರೆ ಫೋಟೋ ಇಲ್ಲ" ಅಂತ ಕೇಳಿದರು.

ಎಡಿಟರ್ ಕೂತು ಮಾಡಿಕೊಟ್ಟ. ಹಳೇ ಡಿವಿ ಚಿತ್ರದ ಅಗಲವೇ 720 ಪಿಕ್ಸೆಲ್, ಎತ್ತರ 576. ನಾಯಿ ಇರುವ ಎಡ ಮೂಲೆಯನ್ನು ಕತ್ತರಿಸಿದರೆ ಕಾಲು ಭಾಗವೂ ಉಳಿಯುವುದಿಲ್ಲ. ದೊಡ್ಡದು ಮಾಡಿದ್ದಕ್ಕೆ ಕಿವಿಯ ಅಂಚು ಚೌಕ ಚೌಕವಾಗಿ ಒಡೆದಿದೆ, ಬಾಲ ಮಸುಕು. ಆದರೂ ಸಂಗೀತ ತೆಗೆದು ನೋಡಿದರೆ ಅದು ಬೊಗಳುತ್ತಿರುವುದು ನೇರ ಲೆನ್ಸಿನ ಕಡೆಗೇ.