ಈಗಲ್ ಪಬ್ಬು, ಲಂಡನ್ನಿನ ನೆಲಮಾಳಿಗೆ

ಊರಿನಿಂದ ಯಾರೇ ಕೇಂಬ್ರಿಜ್‌ಗೆ ಬರಲಿ, ಕ್ಯಾಮ್ ನದಿ ತೋರಿಸಿ ಹಾಗೇ ನಡೆದುಕೊಂಡು ಬೆನೆಟ್ ಸ್ಟ್ರೀಟ್‌ನ ಈಗಲ್ ಪಬ್ಬಿಗೆ ಕರೆದೊಯ್ಯುತ್ತೇನೆ. ಹಳೇ ಕ್ಯಾವೆಂಡಿಷ್ ಪ್ರಯೋಗಾಲಯ ಇಲ್ಲೇ ಹತ್ತಿರದ ಓಣಿಯಲ್ಲಿತ್ತು. ಅಲ್ಲಿನವರು ಮಧ್ಯಾಹ್ನದ ಊಟಕ್ಕೆ ಇಲ್ಲಿಗೇ ಬರುತ್ತಿದ್ದರು. 1953ರ ಫೆಬ್ರವರಿ 28ರಂದು ಅಲ್ಲಿನ ವಿಜ್ಞಾನಿಗಳಾದ ಫ್ರಾನ್ಸಿಸ್ ಕ್ರಿಕ್, ಜೇಮ್ಸ್ ವಾಟ್ಸನ್ ಇಬ್ಬರೂ, ಆನುವಂಶಿಕ ಮಾಹಿತಿ ಹೊರುವ ಡಿಎನ್‌ಎ ಅಣುವಿನ ಬಗ್ಗೆ ತಮ್ಮ ಶೋಧವನ್ನು ಮೊದಲು ಸಾರಿದ್ದು ಇಲ್ಲಿ ಎಂದು ಹೊರಗಿನ ನೀಲಿ ಫಲಕ ಹೇಳುತ್ತಿತ್ತು. ಅದರ ಮೇಲೆ ಯಾರೋ 'ಪ್ಲಸ್ ಫ್ರಾಂಕ್ಲಿನ್' ಎಂದು ಗೀಚಿದ್ದರು. 2023ರಲ್ಲಿ ಬಂದ ಹೊಸ ಫಲಕದಲ್ಲಿ, ಡಿಎನ್‌ಎಯ ಎಕ್ಸ್-ಕಿರಣ ಚಿತ್ರಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಹೆಸರೂ ಇದೆ. ಅದಕ್ಕೆ 70 ವರ್ಷ ಬೇಕಾಯಿತು.

ಬಂದವರಿಗೆ ನಾನು ಪಬ್ಬಿನ ಕತೆಗಿಂತ ಲಂಡನ್ನಿನ ಕತೆಯನ್ನೇ ಹೆಚ್ಚು ಹೇಳುತ್ತೇನೆ. ಅಲ್ಲಿನ ಕಿಂಗ್ಸ್ ಕಾಲೇಜಿನ ನೆಲಮಾಳಿಗೆಯಲ್ಲಿ ಫ್ರಾಂಕ್ಲಿನ್ ಅವರು ಡಿಎನ್‌ಎಯ ತೆಳ್ಳನೆ ಎಳೆಯನ್ನು ಎಕ್ಸ್-ಕಿರಣದ ಕ್ಯಾಮೆರಾದೊಳಗೆ ನಿಲ್ಲಿಸಿ, ಉಪ್ಪಿನ ದ್ರಾವಣದಲ್ಲಿ ಹಾಯಿಸಿದ ಹೈಡ್ರೋಜನ್ ಬಿಟ್ಟು, ಒಳಗಿನ ತೇವವನ್ನು ಹದದಲ್ಲಿಡುತ್ತಿದ್ದರು. ಒಣಗಿದ ಎಳೆಯದು ಒಂದು ರೂಪ, ತೇವ ಹೀರಿ ಉದ್ದವಾದದ್ದು ಇನ್ನೊಂದು. ಇವೆರಡನ್ನೂ ಬೇರ್ಪಡಿಸಿದ್ದೇ ದೊಡ್ಡ ಕೆಲಸ. 1952ರ ಮೇ ತಿಂಗಳಲ್ಲಿ ಅವರ ಪಿಎಚ್‌ಡಿ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್, ತೇವದ ಎಳೆಗೆ 60 ಗಂಟೆಗೂ ಹೆಚ್ಚು ಕಾಲ ಎಕ್ಸ್-ಕಿರಣ ಹಾಯಿಸಿ 51ನೇ ಫೋಟೋ ತೆಗೆದರು. ಅದರ ನಡುವೆ ಗುಣಾಕಾರದ ಚಿಹ್ನೆಯಂತೆ ಕಪ್ಪು ಪಟ್ಟೆಗಳು: ಡಿಎನ್‌ಎ ಸುರುಳಿಯಾಕಾರದ್ದು ಎಂಬುದರ ಗುರುತು. ಒಂದು ಸುತ್ತಿಗೆ 3.4 ನ್ಯಾನೋಮೀಟರ್ ಎಂಬ ಲೆಕ್ಕ ಸಿಗುವುದೂ ಇಂಥ ಚಿತ್ರಗಳಿಂದಲೇ.

1953ರ ಜನವರಿಯಲ್ಲಿ ಕಿಂಗ್ಸ್ ಕಾಲೇಜಿನದೇ ವಿಜ್ಞಾನಿ ಮಾರಿಸ್ ವಿಲ್ಕಿನ್ಸ್ ಆ ಫೋಟೋವನ್ನು ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್ ಅವರಿಗೆ ಅದರ ಸುಳಿವೇ ಇಲ್ಲ. ಅವರ ಅಳತೆಗಳಿದ್ದ ವರದಿ ಕ್ಯಾವೆಂಡಿಷ್‌ನ ವಿಜ್ಞಾನಿ ಮ್ಯಾಕ್ಸ್ ಪೆರುಟ್ಸ್ ಮೂಲಕ ಕ್ರಿಕ್ ಕೈ ಸೇರಿತು. ಎರಡು ಎಳೆಗಳು ಎದುರುಬದುರು ದಿಕ್ಕಿಗೆ ಸಾಗುತ್ತವೆಂದು ಕ್ರಿಕ್‌ಗೆ ಹೊಳೆದದ್ದು ಅದನ್ನು ಓದಿಯೇ. ಎರಡು ಎಳೆಗಳನ್ನು ಬೆಸೆಯುವ ನಾಲ್ಕು ಘಟಕಗಳಲ್ಲಿ 'ಎ' ಜೊತೆ 'ಟಿ', 'ಜಿ' ಜೊತೆ 'ಸಿ' ಎಂಬ ಜೋಡಣೆ ಮಾತ್ರ ಕೇಂಬ್ರಿಜ್‌ನವರದೇ ಸಾಧನೆ, ಅದ್ಭುತವಾದ ಸಾಧನೆ. ಅದರ ಶ್ರೇಯ ಅವರಿಗೇ ಸಲ್ಲಬೇಕು. ಆದರೆ 'ನೇಚರ್' ವಿಜ್ಞಾನ ಪತ್ರಿಕೆಯ ಏಪ್ರಿಲ್ 25ರ ಸಂಚಿಕೆಯಲ್ಲಿ ಮೂರು ಲೇಖನ ಒಟ್ಟಿಗೆ ಬಂದಾಗ ಫ್ರಾಂಕ್ಲಿನ್-ಗಾಸ್ಲಿಂಗ್ ಬರೆದದ್ದು ಕೊನೆಯಲ್ಲಿತ್ತು. ಓದುವವರಿಗೆ ಅದು ಕ್ರಿಕ್-ವಾಟ್ಸನ್ ಕಟ್ಟಿದ ಡಿಎನ್‌ಎ ಮಾದರಿಗೆ ಒದಗಿದ ಸಾಕ್ಷಿಯಂತೆ ಕಾಣುತ್ತದೆ. ಮಾದರಿ ನಿಂತಿದ್ದೇ ಆ ಅಳತೆಗಳ ಮೇಲೆ ಎಂಬುದು ತಿಳಿಯುವುದೇ ಇಲ್ಲ. ನನಗೆ ಇವತ್ತಿಗೂ ನೋವಾಗುವುದು ಇದೇ.