ಕರವಸ್ತ್ರದಲ್ಲಿ ಕಟ್ಟಿದ ನಿಂಬೆಹಣ್ಣು

ನಾವೀಗ ಇರುವುದು ನೆದರ್ಲೆಂಡ್ಸ್‌ನಲ್ಲಿ. ಮೇ ತಿಂಗಳ ಕೊನೆಗೆ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಸಾಲಾಗಿ ನಾಲ್ಕು ಸಂಜೆ ನಡಿಗೆ. ಚಿಕ್ಕವರಿಗೆ ದಿನಕ್ಕೆ 5 ಕಿಲೋಮೀಟರ್, ದೊಡ್ಡ ಮಕ್ಕಳು ಬೇಕಾದರೆ 10. ಡಚ್ಚರು ಇದನ್ನು ‘ಆವೊಂಡ್‌ಫೀರ್‌ದಾಖ್ಸೆ’ ಅಂತಾರೆ. ಬೇಸಿಗೆ ಬಂತೆಂದರೆ ನೆದರ್ಲೆಂಡ್ಸ್‌ನ ಎಷ್ಟೋ ಊರುಗಳಲ್ಲಿ ಇದು ನಡೆಯುತ್ತದೆ. 1909ರಲ್ಲಿ ಶುರುವಾಗಿ ಈಗ ನೈಮೇಖನ್ ಪಟ್ಟಣದಲ್ಲಿ ನಡೆಯುವ ದೊಡ್ಡವರ ನಾಲ್ಕು ದಿನದ ನಡಿಗೆ ಇದೆಯಲ್ಲ, ದಿನಕ್ಕೆ 30ರಿಂದ 50 ಕಿಲೋಮೀಟರ್, ಅದರ ಪುಟ್ಟ ತಂಗಿ ಇದು.

ನನಗೆ ಭಯವೇ ಆಯಿತು. ಮಗಳಿಗೆ ಏಳು ವರ್ಷ. ಬೆಂಗಳೂರಿನಲ್ಲಿದ್ದಾಗ ಅವಳ ದಿನ ಲಿಫ್ಟಿನಿಂದ ಸ್ಕೂಲ್ ವ್ಯಾನಿಗೆ, ವ್ಯಾನಿನಿಂದ ಮತ್ತೆ ಲಿಫ್ಟಿಗೆ. ಅದು ಮಗುವಿನ ತಪ್ಪಲ್ಲ. ನಮ್ಮ ರಸ್ತೆಯಲ್ಲಿ ಕೈಹಿಡಿದು ನಡೆಸೋಕೂ ಜಾಗ ಇರಲಿಲ್ಲ.

ಮೊದಲ ಸಂಜೆ ಶಾಲೆಯ ಅಂಗಳದಲ್ಲಿ ಜಾತ್ರೆಯ ಗದ್ದಲ. ಅಪ್ಪಂದಿರು ಆಫೀಸಿನಿಂದ ನೇರ ಬಂದಿದ್ದರು, ಅಜ್ಜಿಯರೂ ಇದ್ದರು. ಎಷ್ಟೋ ಮಕ್ಕಳ ಕೊರಳಲ್ಲಿ ಒಂದೊಂದು ಕರವಸ್ತ್ರದ ಗಂಟು ನೇತಾಡುತ್ತಿತ್ತು. ಬಗ್ಗಿ ನೋಡಿದೆ. ಒಳಗೆ ಅರ್ಧ ನಿಂಬೆಹಣ್ಣು, ಅದರ ನಡುವೆ ಚುಚ್ಚಿಟ್ಟ ಪೆಪ್ಪರಮೆಂಟು! ನಡೆಯುತ್ತಾ ಅದನ್ನೇ ಚೀಪುತ್ತಾರೆ. ಹುಳಿ ಮೊದಲು, ಹಿಂದೆಯೇ ಸಿಹಿ. ಪಕ್ಕದ ಮನೆಯಾಕೆ ಮಗಳಿಗೂ ಒಂದು ಕಟ್ಟಿ ತಂದಿದ್ದರು. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಿನ್ನುತ್ತಾ ಶಾಲೆಯಿಂದ ಮನೆಗೆ ಬರುತ್ತಿದ್ದ ನನ್ನ ತೀರ್ಥಹಳ್ಳಿಯ ದಿನಗಳು ಕಣ್ಣಮುಂದೆ ಬಂದವು.

ಮೂರನೇ ಕಿಲೋಮೀಟರಿಗೆ ಮಗಳು ನಿಂತುಬಿಟ್ಟಳು. “ಅಮ್ಮಾ, ಕಾಲು ನೋಯ್ತಿದೆ.” ಎತ್ತಿಕೊಳ್ಳೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಹಿಂದಿನಿಂದ ಅವಳ ತರಗತಿಯ ಮಕ್ಕಳು ಹಾಡಿಕೊಂಡು ಬಂದರು. ಒಬ್ಬಳು ಕೈ ಚಾಚಿದಳು. ನನ್ನ ಕೈ ಬಿಟ್ಟು ಹೋದವಳು ಆ ಸಂಜೆ ಮತ್ತೆ ತಿರುಗಿ ನೋಡಲಿಲ್ಲ.

ಎರಡನೇ ದಿನ ಮಳೆ. ಯಾರೂ ಮನೆಗೆ ಹೋಗಲಿಲ್ಲ, ರೈನ್‌ಕೋಟ್ ಹಾಕಿಕೊಂಡು ನಡೆದರು. ಮೂರನೇ ದಿನ ಅವಳೇ ಶೂ ಹಾಕಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಳು.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ನನಗೆ ಮೊದಲೇ ಗೊತ್ತಿತ್ತು. “ಆಟ ಆಡು, ಮೊಬೈಲ್ ಇಡು” ಅಂತ ದಿನಾ ಹೇಳುತ್ತಲೂ ಇದ್ದೆ, ಸೋಫಾದಲ್ಲಿ ಕೂತುಕೊಂಡು. ಇಲ್ಲಿ ದೊಡ್ಡವರು ಹೇಳುವುದು ಕಡಿಮೆ, ಜೊತೆಗೆ ಬರುವುದು ಜಾಸ್ತಿ. ಆ ವಾರ ನಾವೂ ಮಕ್ಕಳ ಜೊತೆ ನಾಲ್ಕು ದಿನ ನಡೆದೆವಲ್ವಾ, ನನ್ನ ಮೊಣಕಾಲಿಗೂ ಎಷ್ಟೋ ಹಗುರ ಅನಿಸಿತು.

ಕೊನೆಯ ಸಂಜೆ ದಾರಿಯ ಎರಡೂ ಕಡೆ ಜನ ಹೂವು ಹಿಡಿದು ನಿಂತಿದ್ದರು. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತಾಗುತ್ತದೆ, ಹಾಗಾಗಿ ಇನ್ನೂ ಒಳ್ಳೆ ಬಿಸಿಲು. ಮಗಳ ಕೊರಳಿಗೆ ಪದಕ ಬಿತ್ತು. ಮುಂದಿನ ವರ್ಷ ನಡೆದರೆ ಪದಕದ ಮೇಲೆ 2 ಅಂತ ಇರುತ್ತದೆ ಅಂತ ಗೆಳತಿಯರು ಆಗಲೇ ಹೇಳಿಕೊಟ್ಟಿದ್ದರು.

ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಮೈಸೂರಿನ ತಂಗಿಯ ಮಕ್ಕಳು ನಮಗೂ ಬೇಕು ಅಂತ ಹಟ ಹಿಡಿದರು. ಅದಕ್ಕೆ ದೊಡ್ಡ ಏರ್ಪಾಟೇನೂ ಬೇಡ ಅಂತ ತಂಗಿಗೆ ಹೇಳಿದೆ. ನಾಲ್ಕು ದಿನ ಗೊತ್ತು ಮಾಡು, ಬೀದಿಯ ನಾಲ್ಕು ಮನೆಯವರನ್ನು ಸೇರಿಸು, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯಿರಿ. ಮಕ್ಕಳನ್ನು ಮಾತ್ರ ಕಳಿಸಬೇಡ, ನೀನೂ ಹೋಗು, ನಿನ್ನ ಗಂಡನನ್ನೂ ಎಬ್ಬಿಸು. ನಿನ್ನೆ ಅವಳ ಮೆಸೇಜ್ ಬಂತು: “ಅಕ್ಕಾ, ನಿಂಬೆಹಣ್ಣನ್ನ ಅಡ್ಡ ಕೊಯ್ಯಬೇಕಾ, ಉದ್ದ ಕೊಯ್ಯಬೇಕಾ?”