ಮೇಜಿನಡಿಯ ಶೂ

ನನ್ನ ಕಚೇರಿ ಹನ್ನೊಂದನೆಯ ಮಹಡಿಯಲ್ಲಿದೆ. ಅಲ್ಲಿಂದ ಮನೆಗೆ 13 ಕಿಲೋಮೀಟರ್. ಭೂಕಂಪವಾಗಿ ರೈಲು, ಬಸ್ ನಿಂತರೆ ನಡೆದು ಹೋಗಲು ಇರಲಿ ಎಂದು ಐದು ವರ್ಷಗಳ ಹಿಂದೆ ಒಂದು ಜೊತೆ ಹೊಸ ಶೂ ತಂದು ಮೇಜಿನಡಿ ಇಟ್ಟಿದ್ದೆ. ಡಬ್ಬಿಯಿಂದ ಹೊರಗೂ ತೆಗೆದಿರಲಿಲ್ಲ. ಕಳೆದ ತಿಂಗಳು ಅಣಕು ಕಾರ್ಯಾಚರಣೆಯ ದಿನ ಬಲು ಹೆಮ್ಮೆಯಿಂದ ಹಾಕಿಕೊಂಡು ಮೆಟ್ಟಿಲಿಳಿಯತೊಡಗಿದೆ. ಏಳನೆಯ ಮಹಡಿಗೆ ಬರುವಷ್ಟರಲ್ಲಿ ಬಲಗಾಲಿನ ಅಟ್ಟೆ ಬಾಯಿಬಿಟ್ಟಿತು. ಐದನೆಯದರಲ್ಲಿ ಒಣಗಿದ ಕೇಕಿನಂತೆ ಪುಡಿಪುಡಿಯಾಗಿ ಉದುರಿತು.

ಅಟ್ಟೆಗೆ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಗಾಳಿಯ ತೇವಕ್ಕೇ ನಿಧಾನವಾಗಿ ಶಿಥಿಲವಾಗುತ್ತದಂತೆ. ಹಾಕದೆ ಮುಚ್ಚಿಟ್ಟರೂ ತಪ್ಪಿದ್ದಲ್ಲ. ಜೋಪಾನ ಮಾಡಿದ್ದೇನೆಂದುಕೊಂಡಿದ್ದೆ, ಕೊಳೆಯಲು ಬಿಟ್ಟಿದ್ದೆ.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪವಾಗಿ ರೈಲುಗಳು ನಿಂತು ಟೋಕಿಯೊ ಮತ್ತು ಸುತ್ತಮುತ್ತ ಸುಮಾರು 51 ಲಕ್ಷ ಜನ ಆ ದಿನ ಮನೆ ಸೇರಲಾಗಲಿಲ್ಲ ಎಂಬುದು ಅಲ್ಲಿನ ಸರ್ಕಾರದ ಅಂದಾಜು. ಅಲ್ಲಿನವರ ಇನ್ನೊಂದು ಲೆಕ್ಕವೂ ಇದೆ: ಮನೆ 10 ಕಿಲೋಮೀಟರಿನೊಳಗಿದ್ದರೆ ಎಲ್ಲರೂ ನಡೆದು ಸೇರಬಲ್ಲರು, ಆಮೇಲೆ ಪ್ರತಿ ಕಿಲೋಮೀಟರಿಗೆ ನೂರಕ್ಕೆ ಹತ್ತು ಮಂದಿ ಕಡಿಮೆ, 20 ದಾಟಿದರೆ ಯಾರೂ ಇಲ್ಲ. ಅಂದರೆ ನನ್ನಂಥ ಹತ್ತು ಜನರಲ್ಲಿ ಏಳು ಮಂದಿ ಮನೆ ಮುಟ್ಟುತ್ತಾರೆ. ಉಳಿದ ಮೂವರಲ್ಲಿ ನಾನೂ ಒಬ್ಬಳೋ ಏನೋ ಎಂದು ತಿಳಿಯಲು ಒಂದು ಭಾನುವಾರ ಹೊರಟೆ, ಮತ್ತೊಂದು ಹೊಸ ಶೂ ಹಾಕಿಕೊಂಡು. ಬುದ್ಧಿ ಬರಲಿಲ್ಲ, ನೋಡಿ. ನಾಲ್ಕನೆಯ ಕಿಲೋಮೀಟರಿಗೆ ಹಿಮ್ಮಡಿಯಲ್ಲಿ ಬೊಬ್ಬೆ, ಒಂಬತ್ತನೆಯದರಲ್ಲಿ ಆಟೊ.

ಮುಂದಿನ ವಾರ ಬೆಳಗಿನ ನಡಿಗೆಯ ಹಳೆಯ ಶೂ ಹಾಕಿ ಮೂರೂಕಾಲು ಗಂಟೆಯಲ್ಲಿ ಮನೆ ಸೇರಿದೆ. ದಪ್ಪ ಅಟ್ಟೆ, ಲೇಸು, ಬೆರಳ ತುದಿಯಲ್ಲಿ ಒಂದಿಷ್ಟು ಜಾಗ. ಮೇಲ್ಭಾಗ ಬಲೆಯಂಥ ಬಟ್ಟೆಯದಲ್ಲ. ಅಂಥ ಬಟ್ಟೆಯೊಳಗೆ ಗಾಜಿನ ಚೂರೂ ನೀರೂ ಸಲೀಸಾಗಿ ನುಗ್ಗುತ್ತವೆ. ಉಕ್ಕಿನ ಮೂತಿಯ ಬೂಟನ್ನೂ ಅಂಗಡಿಯಲ್ಲಿ ಹಾಕಿ ನೋಡಿದ್ದೆ. ಅದರ ಭಾರ ಹೊತ್ತು 13 ಕಿಲೋಮೀಟರ್ ನನ್ನಿಂದಾಗದು.

ಕಂಪಿಸಿದ ಕೂಡಲೇ ರಸ್ತೆಗಿಳಿಯಬೇಕೆಂದೇನೂ ಇಲ್ಲ. ಟೋಕಿಯೊದಲ್ಲಂತೂ ಮೂರು ದಿನ ಕಚೇರಿಯಲ್ಲೇ ಉಳಿಯಿರಿ ಎನ್ನುತ್ತಾರೆ. ಆದರೆ ಒಡೆದ ಕಿಟಕಿ, ಕಳಚಿಬಿದ್ದ ದೀಪಗಳ ನಡುವೆ ಶೌಚಾಲಯದವರೆಗೆ ಹೋಗುವುದಕ್ಕೂ ಕಾಲಿಗೆ ಏನಾದರೂ ಬೇಕಲ್ಲ!

ಈಗ ಆ ಹಳೆಯ ಜೋಡಿ ಮೇಜಿನಡಿ ಇದೆ, ಒಳಗೆ ಎರಡು ಜೊತೆ ಕಾಲುಚೀಲ ತುರುಕಿದ್ದೇನೆ. ತಿಂಗಳಿಗೊಮ್ಮೆ ಅದನ್ನೇ ಹಾಕಿಕೊಂಡು ಮೆಟ್ಟಿಲು ಹತ್ತಿಳಿಯುತ್ತೇನೆ. ದಿನವೂ ಎತ್ತರದ ಹಿಮ್ಮಡಿಯಲ್ಲೇ ಬರುವ ಪಕ್ಕದ ಮೇಜಿನವರು ಮೊನ್ನೆ, "ನಿಮ್ಮ ಶೂ ಅಳತೆ ಎಷ್ಟು?" ಎಂದು ಕೇಳಿದರು. ಇಬ್ಬರದೂ ಒಂದೇ. ಅಂದೇ ಒಳಪದರದ ಮೇಲೆ ನನ್ನ ಹೆಸರು ಬರೆದೆ.